ಹನ್ನೊಂದು ನಿಮಿಷ

ಗಲೀಸಿಯಾದ ಗುಡ್ಡಗಾಡು ಬಸ್ಸಿಗೆ
ಅಳತೆ ಟೇಪು ಹಿಡಿದು ಹತ್ತಿದವಳು ನಾನು.
ಮೊದಲ ಮೆಟ್ಟಿಲು ಮೂವತ್ತನಾಲ್ಕು ಸೆಂಟಿಮೀಟರು.
ಒಬ್ದೂಲಿಯಾ ಅಜ್ಜಿಯ ಕಾಲು ಏಳುವುದು ಇಪ್ಪತ್ತೆರಡು.
ನಡುವಿನ ಹನ್ನೆರಡು
ಚಾಲಕ ಎಲಾದಿಯೊನ ಅಂಗೈ.

ಅಂಗೈಯನ್ನು ಎಲ್ಲಿ ಬರೆಯಲಿ?
ನಮೂನೆಯಲ್ಲಿ ಅದಕ್ಕೊಂದು ಮನೆಯಿಲ್ಲ.

ಪ್ರಯಾಣದ ಉದ್ದೇಶ? ಕೇಳಿದೆ.
ವೈದ್ಯರು, ಬ್ಯಾಂಕು, ಸಂತೆ, ಇತರೆ;
ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು.
"ವೈದ್ಯರು ಅಂತ ಹಾಕು" ಅಂದಳು.
"ಏನು ಕಾಯಿಲೆ?"
"ಗುರುವಾರ."

ಬಸ್ಸು ತಿರುಗಿತು, ಮತ್ತೆ ತಿರುಗಿತು,
ಕಲ್ಲುಗಾಲಿನ ಮೇಲೆ ನಿಂತ ಕಣಜಗಳನ್ನು ಬಳಸಿ,
ಚೆಸ್ಟ್‌ನಟ್ಟಿನ ಮುಳ್ಳುಸಿಪ್ಪೆ ಚಕ್ರದಡಿ ಚಟಚಟ ಎನ್ನಿಸಿ,
ಮೂರೇ ಮನೆಯ ವಿಲಾರ್ಸೆಕೊಗೆ
ಮುಖ ತೋರಿಸಿ ಬರಲೆಂದೇ ಏರಿತು.
ಅಲ್ಲಿ ಹತ್ತಿದ್ದು ಒಬ್ಬಳು, ಎಂಟು ವರ್ಷದ ಸಬೆಲಾ,
ಶಾಲೆಯ ಚೀಲಕ್ಕಿಂತ ತುಸುವೇ ದೊಡ್ಡವಳು.
ಹಿಂದಿನ ಎದುರುಬದುರು ಸೀಟಿನಲ್ಲಿ
ಐದು ಮುದುಕಿಯರು ಸರಿದು ಜಾಗ ಮಾಡಿದರು,
ಏಳರ ಮಗ್ಗಿ ಹೇಳಿಸಿದರು.
ಸೇತುವೆಗೆ ಮುಂಚೆ ಎಪ್ಪತ್ತು ಮುಟ್ಟಬೇಕು, ಅದು ಪಂದ್ಯ.
ಏಳೆಂಟ್ಲೆಗೆ ಅವಳು ತಡವರಿಸಿದಳು.
ಬಸ್ಸೂ ತಡವರಿಸಿತು.
ಕನ್ನಡಿಯಲ್ಲಿ ಎಲಾದಿಯೊನ ಮುಖ ನೋಡಿದೆ:
ಏನೂ ತಿಳಿಯದವನ ಹಾಗೆ, ಬ್ರೇಕಿನ ಮೇಲೆ ಕಾಲು.

ಆ ರಾತ್ರಿ ಬರೆದೆ:
ಎದುರುಬದುರು ಸೀಟು, ಜಾಗ ಪೋಲು.
ಕಂಬಿಗೆ ಸುತ್ತಿದ ಉಣ್ಣೆ, ಯಾರದೋ ಕೈಹೆಣಿಗೆ, ನೈರ್ಮಲ್ಯವಲ್ಲ.
(ಜನವರಿಯ ಬೆಳಗ್ಗೆ ಆ ಕಂಬಿ ಹಿಡಿದು ನೋಡಿರಲಿಲ್ಲ ನಾನು.)
ವಿಲಾರ್ಸೆಕೊ ಸುತ್ತು, ಹನ್ನೊಂದು ನಿಮಿಷ ಪೋಲು.
ಮೂರಕ್ಕೂ ಕೆಂಪು ಗೆರೆ.

ವಸಂತಕ್ಕೆ ಹೊಸ ಬಸ್ಸು ಬಂತು.
ಒಂಟೆಯ ಹಾಗೆ ಉಸ್ಸೆಂದು ಮಂಡಿಯೂರಿ
ಹತ್ತಿಸಿಕೊಳ್ಳುವ ಬಸ್ಸು, ಅದು ನನ್ನದೇ ಹಟ.
ಹನ್ನೆರಡು ಸೆಂಟಿಮೀಟರು ತೀರಿತು, ಅಂಗೈಗೆ ನಿವೃತ್ತಿ.
ಸೀಟುಗಳೆಲ್ಲ ಮುಂದಕ್ಕೆ ಮುಖ,
ಒಬ್ಬಳ ತಲೆವಸ್ತ್ರದ ಗಂಟು ಇನ್ನೊಬ್ಬಳ ನೋಟಕ್ಕೆ.
ದಾರಿ ಕಡ್ಡಿಯಂತೆ ನೆಟ್ಟಗೆ.
ಸಬೆಲಾಳಿಗೆ ಪ್ರತ್ಯೇಕ ಟ್ಯಾಕ್ಸಿ,
ಹಿಂದಿನ ಸೀಟು ಪೂರ್ತಿ ಅವಳೊಬ್ಬಳಿಗೇ.
ಫೋಟೊದಲ್ಲಿ ನಾನೂ ಇದ್ದೇನೆ, ರಿಬ್ಬನ್ನಿನ ಎಡಕ್ಕೆ, ನಗುತ್ತಾ.

ಹೊತ್ತು ಉಳಿಸಿದ್ದೆ.
ಉಳಿದ ಹೊತ್ತನ್ನು ಹೊತ್ತು ಎಲ್ಲಿಗೆ ಹೋಗಬೇಕು, ಯಾರಿಗೆ ಕೊಡಬೇಕು,
ಯಾರನ್ನೂ ಕೇಳಿರಲಿಲ್ಲ.

ಅಕ್ಟೋಬರಿನಲ್ಲಿ ಎಣಿಕೆಗೆಂದು ಮತ್ತೆ ಹತ್ತಿದೆ.
ಮೂವತ್ತೆಂಟು ಸೀಟು. ಎಲಾದಿಯೊ, ನಾನು,
ಯಾರಿಗೋ ತಲುಪಬೇಕಾದ ಟ್ರ್ಯಾಕ್ಟರಿನ ಒಂದು ಬಿಡಿಭಾಗ.
"ಅವರೆಲ್ಲ ಎಲ್ಲಿ?"
ಗೇರು ಬದಲಿಸಿದ. ತುಸು ದೂರ ಹೋದ ಮೇಲೆ ಅಂದ:
"ಒಬ್ದೂಲಿಯಾಗೆ ಈಗ ನಿಜವಾಗಿಯೂ ಕಾಯಿಲೆ."

ಸೇತುವೆಗೆ ಮುಂಚೆ ಬಸ್ಸು ನಿಧಾನವಾಯಿತು.
ಅಡ್ಡ ಯಾವ ಹಸುವೂ ಇರಲಿಲ್ಲ, ಮಂಜೂ ಇರಲಿಲ್ಲ.
ಅವನ ತುಟಿ ಅಲುಗುತ್ತಿತ್ತು.
ಐವತ್ತಾರು, ಅಂದೆ ನಾನು, ಬಾಯಿ ತಪ್ಪಿ.

ಟೇಪು ತೆಗೆದೆ.
ಕೊನೆಯ ಸಾಲಿನ ಬೋಲ್ಟು ಹದಿನಾರು,
ಸೀಟು ತಿರುಗಿಸಿ ಕೂರಿಸಲು ಅರ್ಧ ದಿನದ ಕೆಲಸ,
ಎರಡು ಸಹಿ, ಬಹುಶಃ ಮೂರು.
ನಮೂನೆಯ ಅಂಚಿನಲ್ಲಿ ಹೊಸದೊಂದು ಮನೆ ಗೀಚಿದೆ;
ಅದಕ್ಕೇನು ಹೆಸರಿಡುವುದೋ ಹೊಳೆಯಲಿಲ್ಲ.

"ಮೇಲೆ ಹೋಗಿ ಬರೋಣವೇ?" ಕೇಳಿದ ಎಲಾದಿಯೊ.
"ವಿಲಾರ್ಸೆಕೊಗೆ? ಅಲ್ಲಿ ಯಾರೂ ಕಾಯುತ್ತಿಲ್ಲ."
"ಕಾಯುವುದು ಬಿಟ್ಟಿದ್ದಾರೆ" ಅಂದ,
ಬಲಕ್ಕೆ ಇಂಡಿಕೇಟರ್ ಹಾಕಿದ.
ಅದು ಟಿಕ್ ಟಿಕ್ ಎನ್ನುತ್ತಿತ್ತು.
ನಾನು ಗಡಿಯಾರ ನೋಡಲಿಲ್ಲ.