ಕಂತಬ್ ಏರಿನಲ್ಲಿ

ಹತ್ತೊಂಬತ್ತು ವರ್ಷ ವಾದಿ ಕಬೀರಿನ ಕೌಂಟರಿನ ಹಿಂದೆ ನಿಂತು
ಕಾರುಗಳನ್ನು ನಾನು ಚೂರುಚೂರಾಗಿಯೇ ಬಲ್ಲೆ:
ವಾಷರು, ಬುಷ್ಷು, ಫ್ಯಾನ್ ಬೆಲ್ಟು, ಎಡಗಡೆಯ ಕನ್ನಡಿ,
ಹೆಸರಿಗಿಂತ ಮೊದಲು ನಂಬರು.
ಇಡೀ ಕಾರೊಂದು ಯಾವತ್ತೂ ನನ್ನ ಕೈಗೆ ಬಂದದ್ದಿಲ್ಲ.

ಅದು ಸಿಕ್ಕಿದ್ದು ಸೀಬಿನ ಒಂದು ಖರ್ಜೂರದ ತೋಟದಲ್ಲಿ.
ಎಪ್ಪತ್ತೆರಡರ ಡಾಟ್ಸನ್, ಉದ್ದ ಮೂತಿ, ಗಿಡ್ಡ ಬೆನ್ನು,
ಹಿಂದಿನ ಗಾಜಿನೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು.
ಮುದುಕ ಹಮ್ದಾನ್ ಮೂರು ಸಲ ಕೇಳಿದ:
ಮಾರಲಿಕ್ಕಾ, ಓಡಿಸಲಿಕ್ಕಾ?
ಓಡಿಸಲಿಕ್ಕೆ, ಅಂದೆ ಮೂರು ಸಲವೂ.
ಡ್ರಮ್ಮುಗಳ ನಡುವೆ ಹಿಂದಕ್ಕೆ ತೆಗೆಯುವ ಪರೀಕ್ಷೆಯಲ್ಲಿ
ನಾಲ್ಕು ಸಲ ಫೇಲಾದವಳು ಅಂತ ಹೇಳಲಿಲ್ಲ.
ಮರಿ ಹೊರಬರುವ ತನಕ ತಡೆ, ಅಂದ.
ತಡೆದೆ. ಹದಿನಾರು ದಿನ.

ಆಮೇಲೆ ಎರಡೂವರೆ ವರ್ಷದ ಶುಕ್ರವಾರಗಳು.
ಯೂಸುಫ್ ಬಲೂಶಿಯ ಶೆಡ್ಡಿನ ಹಿಂಭಾಗ, ನಲವತ್ತಾರು ಡಿಗ್ರಿ,
ಸ್ಪ್ಯಾನರು ಮುಟ್ಟಿದರೆ ದೋಸೆಕಲ್ಲು.
ಮರಳು ಎಲ್ಲೆಲ್ಲಿ ಹೋಗಿ ಕೂರುತ್ತದೆಂದು ಆಗ ಗೊತ್ತಾಯಿತು:
ಬಾಗಿಲ ಹೊಟ್ಟೆಯಲ್ಲಿ, ಸೀಟಿನ ಹೊಲಿಗೆಯಲ್ಲಿ,
ಗಾಜು ಮುಚ್ಚಿದ ಗಡಿಯಾರದ ಮುಳ್ಳಿನ ಕೆಳಗೆ ಕೂಡ.
ಸಮುದ್ರದ ತೇವ ಹೀರಿ ಅದು ಕಬ್ಬಿಣವನ್ನು
ಹಪ್ಪಳ ಮಾಡಿಟ್ಟಿತ್ತು. ಬೆರಳೊತ್ತಿದರೆ ಆಚೆ.
ಕತ್ತರಿಸಿದೆವು. ತಗಡು ಬೆಸೆದೆವು. ತಪ್ಪಾಯಿತು. ಮತ್ತೆ ಕತ್ತರಿಸಿದೆವು.
ಸಂಬಳದಲ್ಲಿ ಒಂದಷ್ಟು ರಿಯಾಲು ಊರಿಗೆ, ಒಂದಷ್ಟು ಬಾಡಿಗೆಗೆ,
ಉಳಿದದ್ದು ನಾನೇ ನಿಂತ ಕೌಂಟರಿಗೆ, ನಾನೇ ಬರೆದ ಬಿಲ್ಲಿಗೆ.
ವಾರಿಜಕ್ಕ, ಈ ದುಡ್ಡಿಗೆ ಹೊಸ ಯಾರಿಸ್ ಬರ್ತಿತ್ತು,
ಅಂದಳು ರೂಮಿನ ಹುಡುಗಿ.
ಬರುತ್ತಿತ್ತು. ಎಸಿ ಸಮೇತ.

ಕಾರ್ಬುರೇಟರು ಎರಡು. ಎರಡೂ ಒಂದೇ ಉಸಿರು ಎಳೆಯಬೇಕು.
ಯೂಸುಫನ ಕಿವಿ ಮಂದ; ಹಾಗಾಗಿ
ರಬ್ಬರಿನ ಕೊಳವೆ ಇಟ್ಟು ಆಲಿಸುವ ಕೆಲಸ ನನ್ನದು.
ಮುಂದಿನದು ಸ್ಸ್ಸ್ ಅನ್ನುತ್ತದೆ, ಹಿಂದಿನದು ಶ್ಶ್ಶ್.
ಸ್ಕ್ರೂ ಕಾಲು ಸುತ್ತು. ಅದರಲ್ಲೂ ಅರ್ಧ.
ಚೌಕಿಯಲ್ಲಿ ಮದ್ದಳೆಗೆ ಶ್ರುತಿ ಹಿಡಿಯುವಾಗ ಅಪ್ಪ
ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು ಯಾಕೆಂದು
ಐವತ್ತೆರಡನೇ ವಯಸ್ಸಿಗೆ, ಮೂಗಿಗೆ ಎಣ್ಣೆ ಮೆತ್ತಿಕೊಂಡು, ತಿಳಿಯಿತು.
ಎರಡು ಸದ್ದು ಒಂದಾದದ್ದೇ
ಆರು ಸಿಲಿಂಡರು ಒಟ್ಟಿಗೆ ಗಂಟಲು ಸರಿಮಾಡಿಕೊಂಡವು.
ಯೂಸುಫ್ ಏನೂ ಹೇಳಲಿಲ್ಲ. ಕಹ್ವಾ ತರಲು ಹೋದ.

ಮೊನ್ನೆ ಶುಕ್ರವಾರ, ಬೆಳಗಿನ ಬಾಂಗಿನ ಹಿಂದೆಯೇ
ಚೋಕು ಎಳೆದೆ.
ಹಮ್ರಿಯಾ ದಾಟಿ ಕಂತಬ್ ದಾರಿಗೆ ಬಿದ್ದರೆ
ಕಂದು ಬೆಟ್ಟ, ಹೆಸರಿಗೊಂದು ಹುಲ್ಲಿಲ್ಲ,
ದಾರಿ ಮಾತ್ರ ಮನಸ್ಸು ಬದಲಿಸುತ್ತಲೇ ಇರುತ್ತದೆ.
ಮೂರರಿಂದ ಎರಡಕ್ಕೆ.
ಸ್ಟೀರಿಂಗಿನ ಮರದಲ್ಲಿ ರಸ್ತೆಯ ಒಂದೊಂದು ಜಲ್ಲಿಯೂ
ಅಂಗೈಗೆ ಬಂದು ವರದಿ ಒಪ್ಪಿಸುತ್ತದೆ.
ತಿರುವಿನಲ್ಲಿ ಮೊದಲು ಮೂತಿ ಹೋಗುತ್ತದೆ,
ಎಷ್ಟೋ ಹೊತ್ತಿನ ಮೇಲೆ ನಾನು.
ವೇಗ ಐವತ್ತೈದು, ಹೆಚ್ಚೆಂದರೆ ಅರವತ್ತು.
ಐಸು ತುಂಬಿದ ಪಿಕಪ್ಪೊಂದು ಹಾರನ್ ಹೊಡೆದು ಮುಂದೆ ಹೋಯಿತು;
ಹಿಂದೆ ಕೂತ ಹುಡುಗ ಹೆಬ್ಬೆರಳೆತ್ತಿದ,
ನನಗೋ, ಕಾರಿಗೋ.
ಬೆವರು ಕಣ್ಣಿಗಿಳಿಯಿತು. ಒರೆಸಲು ಕೈ ಬಿಡುವಿರಲಿಲ್ಲ.
ನಗುತ್ತಿದ್ದೆನೆಂದು ಕನ್ನಡಿ ಹೇಳಿತು; ಅದರ ನಂಬರೂ ನನಗೆ ಗೊತ್ತು.

ನೆತ್ತಿಯಲ್ಲಿ ಇಂಜಿನ್ ಆರಿಸಿದೆ.
ಕೆಳಗೆ ನಾಲ್ಕು ದೋಣಿ. ತಣಿಯುವ ಲೋಹದ ಟಿಕ್, ಟಿಕ್.
ಎಡಬಾಗಿಲೊಳಗೆ ಏನೋ ಒಂದು ಈಗಲೂ ಉರುಳುತ್ತದೆ.
ಮೂರು ಸಲ ಬಿಚ್ಚಿದ್ದೇವೆ, ಸಿಕ್ಕಿಲ್ಲ.
ಖರ್ಜೂರದ ಬೀಜ, ಇನ್ನೊಮ್ಮೆ ಬಿಚ್ಚುವ, ಅನ್ನುತ್ತಾನೆ ಯೂಸುಫ್.
ಇರಲಿ ಬಿಡು, ಅಂದಿದ್ದೇನೆ.

ಹೊರಡುವಾಗ ಸೀದಾ ತಿರುಗಿಸಬಹುದಿತ್ತು,
ಜಾಗ ಬೇಕಾದಷ್ಟಿತ್ತು, ಪೊಲೀಸಿನವನಿರಲಿಲ್ಲ, ಡ್ರಮ್ಮಿರಲಿಲ್ಲ.
ಆದರೂ ಮೊದಲು ಹಿಂದಕ್ಕೆ ತೆಗೆದೆ,
ಎರಡು ಬಂಡೆಗಳ ನಡುವೆ, ನಿಧಾನಕ್ಕೆ,
ಒಂದೇ ಸಲಕ್ಕೆ.