ನಡುಪಟ್ಟಿ

ಅಳತೆಯ ಟೇಪು ಹಿಡಿದು ಬೆಳಗಿನಿಂದ
ಕಲ್ಲಿನ ಸುತ್ತ ಕೂತಿದ್ದರು ಅವರು.
ನನ್ನದು ಮಾತು ದಾಟಿಸುವ ಕೆಲಸ,
ಈ ದಡದ್ದು ಆ ದಡಕ್ಕೆ,
ದಿನಕ್ಕಿಷ್ಟು ಅಂತ ಕೂಲಿ.

ದೆಲ್ಗೆರ್ ನದಿಯ ಕಡೆಯಿಂದ ಗಾಳಿ.
ಮರವಿಲ್ಲದ ಬಯಲಲ್ಲಿ ಆಳೆತ್ತರದ ಕಲ್ಲು,
ಮೂರು ಸಾವಿರ ವರ್ಷದಿಂದ ನಿಂತಿದೆಯಂತೆ;
ಮೈತುಂಬ ಸಾರಂಗಗಳು,
ಕಾಲು ಮಡಿಚಿ, ಬೆನ್ನುದ್ದಕ್ಕೂ ಕೊಂಬಿನ ಅಲೆ ಚೆಲ್ಲಿ,
ಮೂತಿಯ ಜಾಗದಲ್ಲಿ ಹಕ್ಕಿಯ ಕೊಕ್ಕು.
ಓಡುತ್ತಿವೆಯೋ ಹಾರುತ್ತಿವೆಯೋ
ಎಂದು ಊಟದ ಹೊತ್ತಿನವರೆಗೂ ವಾದ.

ದೆಜಿದ್ಮಾ ಬಂದಳು ಕುದುರೆಯ ಮೇಲೆ,
ಹುಳಿಹಾಲಿನ ಕ್ಯಾನು ಹೊತ್ತು.
ಇಳಿದವಳೇ ಲಗಾಮನ್ನು ಆ ಕಲ್ಲಿಗೇ ಸುತ್ತಿದಳು.
ಪ್ರೊಫೆಸರರ ಜೀವ ಬಾಯಿಗೆ ಬಂತು.
"ನಮ್ಮಪ್ಪನೂ ಇಲ್ಲೇ ಕಟ್ಟುತ್ತಿದ್ದ" ಅಂದಳು.
ದಾಟಿಸಿದೆ.
"ಕಲ್ಲು ಒಂದು ದಿನವೂ ಬೇಡ ಅಂದಿಲ್ಲ."
ಇದನ್ನು ದಾಟಿಸಲಿಲ್ಲ.

ಮಗ್ಗುಲ ಗುಪ್ಪೆಯಲ್ಲಿ ಆಗಷ್ಟೇ ಸಿಕ್ಕಿತ್ತು
ಕುದುರೆಯ ತಲೆಬುರುಡೆ, ಮೂತಿ ಮೂಡಣಕ್ಕೆ.
ಚೀಲಕ್ಕೆ ಹಾಕಿ ಚೀಟಿ ಅಂಟಿಸುವ ಮೊದಲೇ
ಅವಳು ಬಗ್ಗಿ, ಹೆಬ್ಬೆರಳಿಂದ ಹಲ್ಲು ಸವರಿ:
"ಕೋರೆಯಿದೆ, ಗಂಡು. ಹದಿನೈದು ದಾಟಿದೆ.
ಹುಲ್ಲು ಕಚ್ಚಲಾರದ ಮುದುಕ.
ಚಳಿ ಎದುರಿಗೆ ನಿಂತಿರುವಾಗ
ಒಳ್ಳೆಯದನ್ನು ಯಾರು ಕೊಡುತ್ತಾರೆ ಸತ್ತವರಿಗೆ?"
ನಗೆ.
ತುಸು ತಡೆದು, "ಇಲ್ಲ, ಅವನದೇ ಇರಬೇಕು.
ಜೊತೆಗೇ ಮುದಿಯಾದದ್ದು."

ಮುಖ ಇರಬೇಕಾದಲ್ಲಿ ಮೂರು ಓರೆಗೆರೆ, ಅಷ್ಟೇ.
ಕಿವಿಗೆ ಬಳೆ, ಕೊರಳಿಗೆ ಮಣಿಸರ,
ನಡುವಿಗೆ ಪಟ್ಟಿ, ಪಟ್ಟಿಗೆ ಚೂರಿ, ಸಾಣೆಕಲ್ಲು;
ಕಣ್ಣಿಲ್ಲ, ಬಾಯಿಲ್ಲ.
"ಯಾಕೆ ಅಂತ ಅವಳನ್ನೇ ಕೇಳು"
ಪ್ರೊಫೆಸರ್ ಅಂದರು, ಅರ್ಧ ತಮಾಷೆಗೆ.

ಕಲ್ಲಿಗೆ ಒಂದು ಸುತ್ತು ಬಂದಳು.
ಪಟ್ಟಿಯ ಮೇಲೆ ಬೆರಳಿಟ್ಟು, ಸರಿಸಿ,
ಬಲಕ್ಕೆ ಜೋತ ಚೂರಿಯ ಬಳಿ ನಿಲ್ಲಿಸಿ,
ನನಗೊಬ್ಬಳಿಗೇ ಎಂಬಂತೆ:

"ನಮ್ಮವರು ಹೋಗಿ ಹನ್ನೊಂದು ಚಳಿಗಾಲ."
ಹೆಸರು ಹೇಳಲಿಲ್ಲ.
ಹೋದವರನ್ನು ಹೆಸರಿಡಿದು ಕರೆಯುವುದಿಲ್ಲ ಇಲ್ಲಿ.
"ಮುಖ ಎಲ್ಲಿ ಹೋಯಿತೋ.
ಫೋಟೋ ನೋಡಿದರೆ ಯಾರೋ ಪರಸ್ಥಳದವರು.
ಆದರೆ ಬೆಳಗಾತ ಎದ್ದು ಪಟ್ಟಿ ಬಿಗಿಯುತ್ತಿದ್ದ ರೀತಿ,
ಮೂರು ಸುತ್ತು,
ಮೂರನೆಯದಕ್ಕೆ ಉಸಿರು ಒಳಗೆಳೆದು,
ಚೂರಿ ಬಲಕ್ಕೆ, ಎಡಚರಲ್ಲವೇ,
ಅದು ಈಗಲೂ ಕತ್ತಲಲ್ಲಿ ಕೇಳಿಸುತ್ತದೆ.
ಇವನೂ ಎಡಚ, ನೋಡು.
ಕೆತ್ತಿದವನು ಗಂಡಸೇ ಇದ್ದಾನು.
ಪಕ್ಕದಲ್ಲಿ ನಿಂತು, ಇಲ್ಲಲ್ಲ, ಇನ್ನೂ ಕೊಂಚ ಕೆಳಗೆ,
ಅಂದವಳು ಯಾರೋ ಹೆಂಗಸು."

"ಏನಂದಳು?"
ಪೆನ್ನು ಕಾಯುತ್ತಿತ್ತು.
ಎರಡು ದಡದ ನಡುವೆ
ನೀರು ಇದ್ದಕ್ಕಿದ್ದಂತೆ ಅಗಲವಾಯಿತು ನನಗೆ.
"ಅದು ನಡುಪಟ್ಟಿ, ಅಂದಳು."
ಬರೆದುಕೊಂಡರು.

ಕ್ಯಾನಿನ ತಳದ ಹಾಲು ಕಲ್ಲಿನ ಬುಡಕ್ಕೆ ಚೆಲ್ಲಿ
ಅವಳು ಲಗಾಮು ಬಿಚ್ಚಿದಳು.
ಹೊರಡುವ ಮುಂಚೆ ಕುದುರೆ
ಬಹಳ ದಿನದ ತುರಿಕೆಯೆಂಬಂತೆ ಕಲ್ಲಿಗೆ ಮೈಯುಜ್ಜಿತು;
ಒಂದು ಸಾರಂಗದ ಕೊಂಬಿನ ಗೀರಿನಲ್ಲಿ
ಕಂದು ಕೂದಲು ನಾಲ್ಕು,
ಸಂಜೆಯವರೆಗೂ ಗಾಳಿಗೆ ಅಲುಗುತ್ತಿದ್ದವು.