ಚುರ್ ಅನ್ನಬಾರದು

ಪಾಲಿಕೆಯವರು ಗಾಡಿ ಎತ್ತಿಕೊಂಡು ಹೋದ ಮೇಲೆ
ಉಳಿದದ್ದು ಬಾಣಲೆ, ಜಾಲರಿ ಸೌಟು,
ಒಂದೂವರೆ ಡಬ್ಬ ಕರಿದ ಎಣ್ಣೆ.
ಚೆಲ್ಲಿದರೆ ಶಿವಮೊಗ್ಗದ ಚರಂಡಿ ಕಟ್ಟುತ್ತೆ,
ಮತ್ತೆ ಕರಿದರೆ ಮಕ್ಕಳ ಹೊಟ್ಟೆ.

ಕಾಲೇಜಿನ ಲ್ಯಾಬಿನಲ್ಲಿ ಗಾಜು ತೊಳೆಯುವ ಫಕೀರಪ್ಪಣ್ಣ
ಮೆಣಸಿನಕಾಯಿ ಬಜ್ಜಿಯ ಹಳೆ ಬಾಕಿಗೆ
ವಿದ್ಯೆ ಕೊಟ್ಟ:
'ನೀರಿಗೆ ಕಾಸ್ಟಿಕ್ಕು, ತಂಗಿ.
ಕಾಸ್ಟಿಕ್ಕಿಗೆ ನೀರಲ್ಲ.
ನಿನ್ನ ಹೆಸರು ಮರೆತರೂ ಇದನ್ನು ಮರೀಬೇಡ.'

ಮೊದಲ ಸಲ ಅಲ್ಯೂಮಿನಿಯಂ ಪಾತ್ರೆ.
ಬುಸ್ ಅಂದು ಕರ್ರಗಾಯಿತು, ತಳ ಕೊರೆದುಕೊಂಡಿತು.
ಮದುವೆಗೆ ಚಿಕ್ಕಮ್ಮ ಕೊಟ್ಟದ್ದು. ಹೋಗಲಿ.
ಎರಡನೇ ಸಲ ಸ್ಟೀಲು,
ಬಾಗಿಲು ಕಿಟಕಿ ತೆರೆದು, ಮೂಗಿಗೆ ಸೆರಗು,
ಕೈಗೆ ತುಕ್ಕೋಜಿಯ ಜರ್ಕಿನ್ನು,
ಕಣ್ಣಿಗೆ ಅವನದೇ ಹೆಲ್ಮೆಟ್ಟು.

ಎಣ್ಣೆಯನ್ನು ಹಳೆ ಪಂಚೆಯಲ್ಲಿ ಸೋಸಿದರೆ
ಕಡಲೆಹಿಟ್ಟಿನ ಕಪ್ಪು ಚೂರು ನಾಲ್ಕು ಹಿಡಿ.
ತಕ್ಕಡಿ ಅಕ್ಕಸಾಲಿ ಮೋನಪ್ಪನವರದ್ದು.
ಕೇಜಿ ಎಣ್ಣೆಗೆ ನೂರಾ ಮೂವತ್ತು ಗ್ರಾಂ, ಒಂದು ಹರಳೂ ಹೆಚ್ಚಿಲ್ಲ.
ಚಿನ್ನಕ್ಕೂ ಇಷ್ಟು ಉಸಿರು ಹಿಡಿದಿರಲಿಲ್ಲಮ್ಮ, ಅಂದರು.
(ಅವರಲ್ಲಿ ನಾನು ಚಿನ್ನ ತೂಗಿಸಿದ್ದು ಒಂದೇ ಸಲ,
ಮಾರುವುದಕ್ಕೆ.)

ಇಡ್ಲಿ ಪಾತ್ರೆಯಲ್ಲಿ ನೀರು, ನೀರೊಳಗೆ ಪಾತ್ರೆ,
ಮುದ್ದೆ ಕೋಲಿನಲ್ಲಿ ತಿರುವಿದೆ.
ಮೊದಲು ಗಂಜಿ.
ಆಮೇಲೆ ಮಜ್ಜಿಗೆಹುಳಿ,
ಕೋಲು ಎಳೆದ ಗೆರೆ ಮುಳುಗದೆ ನಿಂತಿತು.
ಆಮೇಲೆ ಥೇಟ್ ಬೋಂಡಾದೊಳಗಿನ ಆಲೂಗಡ್ಡೆ;
ನನ್ನ ಕೈ ತಾನಾಗಿ ಕೊತ್ತಂಬರಿಗೆ ಹೋಯಿತು.
ಭದ್ರಾವತಿ ಆಕಾಶವಾಣಿ ಕೃಷಿರಂಗ ಮುಗಿಸಿತು.
ರಟ್ಟೆ ಸೋತಿತು.
ಅಂಚೆಲ್ಲ ರಾಗಿ ಮಣ್ಣಿಯ ಹಾಗೆ ಹೊಳೆಯಿತು.

ಈಗ ನಾಲಿಗೆ.
ಚೂರೇ ಚೂರು ಆರಿಸಿ ತುದಿಗೆ ತಾಗಿಸಬೇಕಂತೆ.
ಚುರ್ ಅಂದರೆ ಒಳಗೆ ಕಾಸ್ಟಿಕ್ ಇನ್ನೂ ಎಚ್ಚರ,
ಅನ್ನದಿದ್ದರೆ ಸೋಪು.
ಹದಿನಾಲ್ಕು ವರ್ಷ ಉಪ್ಪು ಖಾರ ನೋಡಿದ ನಾಲಿಗೆ.
ಚುರ್ ಅಂತು.

ಇನ್ನೂ ಇಪ್ಪತ್ತು ನಿಮಿಷ.
ಗಾಡಿ ಎತ್ತಿದ ದಿನ ಇನ್‌ಸ್ಪೆಕ್ಟರಿಗೆ ಅನ್ನದೆ ನುಂಗಿದ್ದನ್ನೆಲ್ಲ
ಪಾತ್ರೆಯೊಳಗೇ ತಿರುವಿ ತಿರುವಿ
ಮತ್ತೆ ತಾಗಿಸಿದೆ.
ಸಪ್ಪೆ.
ಸಪ್ಪೆಗೆ ನಾನು ಖುಷಿಪಟ್ಟದ್ದು ಅದೇ ಮೊದಲು.

ಪ್ಲಂಬರ್ ಸಾದಿಕ್ ಕೊಟ್ಟ ತುಂಡು ಪೈಪಿಗೆ ಒತ್ತಿ
ಮರುದಿನ ಹೂ ಕಟ್ಟುವ ದಾರದಲ್ಲಿ ಕುಯ್ದೆ:
ದುಂಡು ದುಂಡು, ಕಂದು, ಅಂಚು ಒರಟು.
ಪೇಪರಿನ ಮೇಲೆ ಹರಡಿದರೆ
ಮಗಳು, ಚಟ್ನಿ ಎಲ್ಲಮ್ಮಾ, ಅಂದಳು.

ತುಕ್ಕೋಜಿ ಒಂದನ್ನು ಮೂಸಿದ.
'ಇದು ಭಾನುವಾರದ ಎಣ್ಣೆ ಕಣೇ.
ಅವತ್ತು ಮೆಣಸಿನಕಾಯಿ ಎರಡು ಸಲ ಖಾಲಿಯಾಗಿತ್ತಲ್ಲ.'
ನಲ್ಲಿಗೆ ಹೋಗಿ ಉಜ್ಜಿದ. ನೊರೆ ಕಮ್ಮಿ.
ಆದರೂ ಉಜ್ಜಿದ, ಮೊಣಕೈ ತನಕ,
ತಿಂಗಳಿನಿಂದ ಬಾಣಲೆ ಮುಟ್ಟದ ಕೈಗಳನ್ನು.
ಒರೆಸಿಕೊಳ್ಳದೆ ಅಂಗೈ ಮೂಗಿಗೆ ಹಿಡಿದು ನಿಂತ,
ಯಾವ ವಾಸನೆ ಹುಡುಕುತ್ತಿದ್ದನೋ.

ಇನ್ನೂ ಒಂದು ಡಬ್ಬ ಹಾಗೇ ಇದೆ, ಅಂದೆ.